ಆ ಪೈಪನ್ನ ಯಾರು ಖಾಲಿ ಮಾಡ್ತಾರೆ ಅಂತ ಕೇಳಿದ್ದು ನಿಮ್ಮ ಅಕ್ಕ

ಈ ವಾರ ಬಂದ ಪತ್ರಗಳಲ್ಲಿ ಒಂದು ಪತ್ರ ಎರಡು ರಾತ್ರಿ ನನ್ನ ತಲೇಲೇ ಕೂತಿತ್ತು, ಅದಕ್ಕೇ ಉಳಿದಿದ್ದೆಲ್ಲ ಪಕ್ಕಕ್ಕಿಟ್ಟು ಇದೊಂದಕ್ಕೇ ಬರೀತಿದೀನಿ. ಬರೆದವರು 27 ವರ್ಷದ ಟ್ರಾನ್ಸ್ ಮ್ಯಾನ್, ಅಂದ್ರೆ ಹುಟ್ಟಿದಾಗ ಹೆಣ್ಣು ಅಂತ ಬರೆಸಿದ್ರೂ ತಾನು ಗಂಡಸು ಅಂತ ಗುರುತಿಸಿಕೊಂಡವರು. ಒಂಬತ್ತು ವರ್ಷ ಎದೆ ಚಪ್ಪಟೆ ಕಾಣೋಕೆ ಹಾಕೋ ಬಿಗಿ ಒಳಉಡುಪು, ಬೈಂಡರ್, ಬಿಗಿದುಕೊಂಡೇ ಓಡಾಡಿದಾರೆ, ಈಗ ಕೊನೆಗೂ ಟಾಪ್ ಸರ್ಜರಿಗೆ, ಅಂದ್ರೆ ಸ್ತನ ತೆಗೆದು ಎದೆಗೆ ಗಂಡಸಿನ ಆಕಾರ ಕೊಡೋ ಆಪರೇಷನ್‌ಗೆ, ಡೇಟ್ ಸಿಕ್ಕಿದೆ, ಇನ್ನು ಆರು ವಾರ. ಡಬಲ್ ಇನ್ಸಿಶನ್ (ಎದೆಯ ಎರಡೂ ಕಡೆ ಉದ್ದಕ್ಕೆ ಕೊಯ್ದು ಮಾಡೋದು), ಜೊತೆಗೆ ನಿಪ್ಪಲ್ ಗ್ರಾಫ್ಟ್ (ಮೊಲೆತೊಟ್ಟನ್ನ ಬಿಡಿಸಿ ಹೊಸ ಜಾಗಕ್ಕೆ ಕೂರಿಸೋದು). ಗೋಡೌನಿನಲ್ಲಿ ಕೆಲಸ, ಮನೇಲಿ ನಾಲ್ಕು ವರ್ಷದಿಂದ ಜೊತೆಗಿರೋ ಗೆಳೆಯ, ಬೇರೆ ಊರಲ್ಲಿ ಅಕ್ಕ. ಕೇಳಿರೋದು ಮೂರು ಪ್ರಶ್ನೆ: ಎರಡು ವಾರಕ್ಕೆ ಕೆಲಸಕ್ಕೆ ವಾಪಸ್ ಹೋಗಬಹುದಾ, ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್ ತಗೊಳ್ಳದೇ ಸರ್ಜರಿ ಮಾಡಿಸ್ಕೊಂಡ್ರೆ ತಪ್ಪಾ, ಅಕ್ಕನಿಗೆ ಡೇಟ್ ಹೇಳ್ಬೇಕಾ ಬೇಡ್ವಾ. ಅಕ್ಕ ಈಗ್ಲೂ ಆಗಾಗ ಹಳೇ ಹೆಸರಲ್ಲಿ ಕರೆದುಬಿಡ್ತಾಳಂತೆ.

ನಿಮ್ಮ ಪತ್ರದಲ್ಲಿ ಮುಕ್ಕಾಲು ಪಾಲು ಸರ್ಜರಿಗೆ ಮಾಡ್ಕೊಂಡ ತಯಾರಿಯ ಲಿಸ್ಟೇ ಇದೆ. ಒರಗಿ ಮಲಗೋಕೆ ಇಳಿಜಾರು ದಿಂಬು, ಮುಂದೆ ಗುಂಡಿ ಇರೋ ಐದು ಶರ್ಟು, ಉದ್ದ ವೈರಿನ ಚಾರ್ಜರ್, ಸ್ಟ್ರಾ, ಮಲಬದ್ಧತೆಗೆ ಮಾತ್ರೆ (ನೋವಿನ ಮಾತ್ರೆ ಹೊಟ್ಟೆ ಕಟ್ಟುತ್ತೆ ಅನ್ನೋದು ಎಷ್ಟೋ ಜನಕ್ಕೆ ಮೊದ್ಲೇ ಗೊತ್ತಿರಲ್ಲ, ನಿಮಗೆ ಗೊತ್ತಿದೆ), ಮೇಲಿನ ಶೆಲ್ಫಿನ ಸಾಮಾನೆಲ್ಲ ಸೊಂಟದ ಎತ್ತರಕ್ಕೆ ಇಳಿಸೋದು. ಇಷ್ಟು ಚೆನ್ನಾಗಿ ತಯಾರಿ ಮಾಡಿದವರನ್ನ ನಾನು ಕಡಿಮೆ ನೋಡಿದೀನಿ. ಆದ್ರೆ ಆ ಲಿಸ್ಟಿನ ಮಧ್ಯ ಒಂದು ಸಾಲು ಇದೆ, "ನೋಡ್ಕೊಳ್ಳೋಕೆ ಗೆಳೆಯ ಇದಾನೆ, ನಾಲ್ಕನೇ ದಿನ ಅವನಿಗೆ ಆಫೀಸ್ ಟೂರ್ ಇದೆ, ಅಷ್ಟೊತ್ತಿಗೆ ನಾನೇ ಮ್ಯಾನೇಜ್ ಮಾಡ್ಕೋತೀನಿ." ಆಮೇಲೆ ಪತ್ರ ಮುಗಿದು ಹೆಸರೂ ಬರೆದಾದ್ಮೇಲೆ, ಕೆಳಗಡೆ, ಸಣ್ಣ ಅಕ್ಷರದಲ್ಲಿ: "ಮೊನ್ನೆ ಅಕ್ಕ ಫೋನ್ ಮಾಡಿ, ಎದೆ ಎರಡೂ ಪಕ್ಕ ಪೈಪ್ ಇರುತ್ತಂತಲ್ಲ, ಅದನ್ನ ಯಾರು ಖಾಲಿ ಮಾಡ್ತಾರೆ ಅಂತ ಕೇಳಿದ್ಲು. ನಾನು ಮಾತು ಬದಲಾಯಿಸಿದೆ."

ನನಗೆ ನಿದ್ದೆ ಕೆಡಿಸಿದ್ದು ಈ ಕೊನೇ ಸಾಲು. ನಾಲ್ಕು ವರ್ಷ ಒಂದೇ ಮನೇಲಿರೋ ಮನುಷ್ಯ ಕೇಳದೇ ಇರೋ ಪ್ರಶ್ನೆಯನ್ನ, ಹೆಸರು ತಪ್ಪು ಹೇಳೋ ಅಕ್ಕ ಕೇಳಿದಾಳೆ. ಎಲ್ಲೋ ಕೂತು ಓದಿದಾಳೆ ಅವಳು. ಯಾರನ್ನೋ ಕೇಳಿದಾಳೆ. ಡ್ರೈನ್ ಅನ್ನೋ ಪದ ನಾಲಿಗೆಗೆ ಬರದಿದ್ರೂ ಅದು ಏನು ಅಂತ ತಿಳ್ಕೊಂಡಿದಾಳೆ.

ಆ ಪೈಪ್, ಅಂದ್ರೆ ಗಾಯದೊಳಗೆ ಸೇರೋ ರಕ್ತ, ನೀರು ಹೊರಗೆಳೆಯೋ ಡ್ರೈನ್, ಏನು ಅಂತ ನನಗೆ ಗೊತ್ತು, ಯಾಕಂದ್ರೆ ಸ್ನೇಹಿತನೊಬ್ಬನಿಗೆ ಇದೇ ಸರ್ಜರಿ ಆದಾಗ ಒಂಬತ್ತು ದಿನ ಅವನ ಜೊತೆಗಿದ್ದೆ. ಕಂಕುಳ ಕೆಳಗಿಂದ ಎರಡೂ ಕಡೆ ಒಂದೊಂದು ಟ್ಯೂಬ್ ಹೊರಗೆ ಬರುತ್ತೆ, ತುದೀಲಿ ಮುಷ್ಟಿ ಗಾತ್ರದ ಮೆತ್ತನೆ ಪ್ಲಾಸ್ಟಿಕ್ ಬಲ್ಬ್. ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಮುಚ್ಚಳ ತೆಗೆದು ಅಳತೆ ಕಪ್ಪಿಗೆ ಬಗ್ಗಿಸಿ, ಎಡಕ್ಕೆಷ್ಟು ಬಲಕ್ಕೆಷ್ಟು ಮಿಲಿಲೀಟರ್ ಅಂತ ಟೈಮ್ ಸಮೇತ ಬರೆದಿಟ್ಟು, ಬಲ್ಬನ್ನ ಪೂರ್ತಿ ಹಿಂಡಿ, ಹಿಂಡಿದ ಹಾಗೇ ಹಿಡ್ಕೊಂಡು ಮುಚ್ಚಳ ಹಾಕ್ಬೇಕು, ಇಲ್ಲಾಂದ್ರೆ ಅದು ಒಳಗಿನ ನೀರನ್ನ ಎಳೆಯಲ್ಲ. ಮೊದಲ ದಿನ ಕಡುಕೆಂಪು, ಆಮೇಲೆ ಗುಲಾಬಿ, ಆಮೇಲೆ ತೆಳು ಹಳದಿ. ನಡುವೆ ಟ್ಯೂಬಲ್ಲಿ ದಾರದ ಥರ ರಕ್ತ ಹೆಪ್ಪುಗಟ್ಟಿ ಸಿಕ್ಕಾಕೊಳ್ಳುತ್ತೆ, ಆಗ ಒಂದು ಕೈಲಿ ಚರ್ಮದ ಹತ್ರ ಟ್ಯೂಬನ್ನ ಗಟ್ಟಿಯಾಗಿ ಹಿಡ್ಕೊಂಡು ಇನ್ನೊಂದು ಕೈ ಬೆರಳಲ್ಲಿ ಹಾಲು ಕರೆದ ಹಾಗೆ ಮೆಲ್ಲಗೆ ಕೆಳಕ್ಕೆ ನೀವ್ಕೊಂಡು ಬರ್ಬೇಕು. ಮೊದಲ ಸಲ ನನ್ನ ಕೈ ನಡುಗಿತ್ತು. ಮೂರನೇ ದಿನಕ್ಕೆ ಅಭ್ಯಾಸ ಆಯ್ತು. ಸಾಮಾನ್ಯವಾಗಿ 24 ಗಂಟೆಗೆ 25-30 ಮಿಲಿಲೀಟರಿಗಿಂತ ಕಡಿಮೆ ಆದಾಗ ತೆಗೀತಾರೆ, ಹೆಚ್ಚುಕಡಿಮೆ ಒಂದು ವಾರ. ಕೆಲವು ಸರ್ಜನ್‌ಗಳು ಡ್ರೈನ್ ಇಡೋದೇ ಇಲ್ಲ, ನಿಮ್ಮವರು ಇಡ್ತಾರೆ ಅಂತ ನೀವೇ ಬರೆದಿದೀರಿ. ಎದೆ ಪೂರ್ತಿ ಸುತ್ತಿರುವಾಗ ಇದನ್ನ ತಾವೇ ಮಾಡ್ಕೊಳ್ಳೋರೂ ಇದಾರೆ, ಆದ್ರೆ ಬೇರೆ ದಾರಿ ಇದ್ದಾಗ ಯಾಕೆ?

ಬರೀ ಡ್ರೈನ್ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ಅರಿವಳಿಕೆ ಕೊಟ್ಟ ಮೇಲೆ ಮೊದಲ 24 ಗಂಟೆ ದೊಡ್ಡವರೊಬ್ರು ಪಕ್ಕದಲ್ಲಿರ್ಲೇಬೇಕು. ಚರ್ಮದ ಕೆಳಗೆ ರಕ್ತ ತುಂಬ್ಕೊಳ್ಳೋದು, ಹೆಮಟೋಮಾ ಅಂತಾರಲ್ಲ, ಅದು ಹೆಚ್ಚಾಗಿ ಕಾಣಿಸ್ಕೊಳ್ಳೋದು ಮೊದಲ ಒಂದೆರಡು ದಿನದಲ್ಲಿ. ಒಂದೇ ಪಕ್ಕ ಏಕಾಏಕಿ ಊದಿ ಬಿಗಿಯಾಗುತ್ತೆ, ಆ ಪಕ್ಕದ ನೋವು ಮಾತ್ರ ಏರ್ತಾ ಹೋಗುತ್ತೆ, ಮತ್ತೆ ಆಪರೇಷನ್ ಥಿಯೇಟರಿಗೆ ಓಡಬೇಕಾಗ್ಬಹುದು. ಮಾತ್ರೆಯ ಮಂಪರಲ್ಲಿ ರಾತ್ರಿ ಎರಡು ಗಂಟೆಗೆ ಇದನ್ನ ನೀವೇ ಕಂಡುಹಿಡೀತೀರಾ? ಜ್ವರ 38 ಡಿಗ್ರಿ ದಾಟಿದ್ರೆ, ಮೀನಖಂಡ ನೋವು ಬಂದು ಊದಿದ್ರೆ ಸರ್ಜನ್‌ಗೆ ಫೋನ್ ಮಾಡೋರು ಯಾರು? ಉಸಿರು ಕಟ್ಟಿದ್ರೆ ಆಂಬುಲೆನ್ಸ್ ಕರೆಯೋರು ಯಾರು? ಮೊಣಕೈಯನ್ನ ಪಕ್ಕೆ ಹತ್ರಾನೇ ಇಟ್ಕೊಂಡಿರ್ಬೇಕು, ಕೈ ಭುಜಕ್ಕಿಂತ ಮೇಲೆ ಹೋಗಂಗಿಲ್ಲ, ಎರಡು ಮೂರು ಕಿಲೋಗಿಂತ ಜಾಸ್ತಿ ಎತ್ತಂಗಿಲ್ಲ, ಭಾರದ ಬಾಗಿಲು ಎಳೆಯೋದು, ಬಿಗಿ ಮುಚ್ಚಳ ತಿರುಗಿಸೋದು, ಹಾಸಿಗೆಗೆ ಕೈ ಊರಿ ಏಳೋದು ಎಲ್ಲಾ ಎದೆ ಸ್ನಾಯುವಿಂದಲೇ ಆಗೋದು ಅಂತ ಗೊತ್ತಾಗೋದೇ ಆವತ್ತು.

ಮತ್ತೆ ಆ ನಾಲ್ಕನೇ ದಿನ. ಅರಿವಳಿಕೆ, ನೋವಿನ ಮಾತ್ರೆ, ನಿದ್ದೆ ಇಲ್ಲದ ರಾತ್ರಿ, ಅಂಗಾತ ಮಲಗಿ ಮಲಗಿ ಹಿಡ್ಕೊಂಡ ಬೆನ್ನು, ಸ್ನಾನ ಇಲ್ಲ, ಇವೆಲ್ಲ ಒಟ್ಟು ಸೇರಿ ಹೆಚ್ಚಾಗಿ ಮೂರನೇ ದಿನದಿಂದ ಐದನೇ ದಿನದ ಹೊತ್ತಿಗೆ ಮನಸ್ಸು ಕುಸಿಯುತ್ತೆ. ನನ್ನ ಸ್ನೇಹಿತ ವರ್ಷಗಟ್ಟಲೆ ಕಾದು ಮಾಡಿಸ್ಕೊಂಡ ಸರ್ಜರಿ ಅದು, ನಾಲ್ಕನೇ ದಿನ ಸಂಜೆ ಗೋಡೆ ಕಡೆ ಮುಖ ಮಾಡಿ, ತಪ್ಪು ಮಾಡಿಬಿಟ್ನೇನೋ ಅಂತ ಅತ್ತ. ನಾನು ಏನೂ ಬುದ್ಧಿ ಹೇಳ್ಲಿಲ್ಲ, ಡ್ರೈನ್ ಖಾಲಿ ಮಾಡಿ ಮುಖ ಒರೆಸಿ ಪಕ್ಕದಲ್ಲಿ ಕೂತೆ. ಎಂಟನೇ ದಿನ ಬ್ಯಾಂಡೇಜ್ ಬಿಚ್ಚಿದಾಗ ಕನ್ನಡಿ ಮುಂದೆ ನಿಂತು ಅವನು ನಕ್ಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. (ಆಗ ಗ್ರಾಫ್ಟ್ ಕಪ್ಪಗೆ ಹೊಪ್ಪಳೆ ಕಟ್ಟಿದ ಹಾಗೆ ಕಾಣಬಹುದು, ಹೆಚ್ಚಿನ ಸಲ ಅದು ಮೇಲಿನ ಪದರ ಮಾತ್ರ, ತಾನಾಗೇ ಉದುರುತ್ತೆ, ಕೀಳಬೇಡಿ. ವಾಸನೆ ಬಂದ್ರೆ ಅಥವಾ ಕೀವು ಕಂಡ್ರೆ ಮಾತ್ರ ತಕ್ಷಣ ತೋರಿಸಿ.) ನಿಮ್ಮ ಗೆಳೆಯ ಬ್ಯಾಗ್ ಹಿಡ್ಕೊಂಡು ಹೊರಡೋದು ಸರಿಯಾಗಿ ಆ ನಾಲ್ಕನೇ ದಿನ.

ಅವರ ಬಗ್ಗೆ ನನಗೆ ಕೋಪ ಇದೆ, ಮುಚ್ಚಿಡಲ್ಲ. ಡೇಟ್ ಗೊತ್ತಾಗಿ ಎಷ್ಟೋ ದಿನ ಆಯ್ತು, ಟೂರ್ ಬದಲಾಯಿಸೋಕೆ ಆಫೀಸಲ್ಲಿ ಕೇಳಿದ್ರಾ? ನೀವು ಬರೆದಿಲ್ಲ, ಕೇಳಿದ್ರೆ ಬರೆದಿರ್ತಿದ್ರಿ. ನೀವು ಮೂರು ವಾರದ ಹಿಂದೆ ಸಿಗರೇಟ್ ಬಿಟ್ರಿ, ಅವರು ಸೋಫಾ ಮೇಲೆ ಕೂತು ಸೇದ್ತಾನೇ ಇದಾರೆ. ಗ್ರಾಫ್ಟ್ ಅಂದ್ರೆ ಪೂರ್ತಿ ಕಿತ್ತು ಬೇರೆ ಜಾಗಕ್ಕೆ ಕೂರಿಸಿದ ಚರ್ಮ, ಮೊದಲ ಕೆಲವು ದಿನ ಅದಕ್ಕೆ ಸ್ವಂತ ರಕ್ತನಾಳ ಇರಲ್ಲ, ಕೆಳಗಿಂದ ಒಸರೋದನ್ನ ಹೀರ್ಕೊಂಡು ಬದುಕುತ್ತೆ, ನಿಕೋಟಿನ್ ಬಂದ್ರೆ ಸಣ್ಣ ಸಣ್ಣ ನಾಳಗಳೆಲ್ಲ ಮುದುಡ್ಕೋತವೆ. ವೇಪ್, ಅಂದ್ರೆ ಇ-ಸಿಗರೇಟ್ ಆದ್ರೂ ಅಷ್ಟೇ. ಸರ್ಜರಿಗೆ ಕನಿಷ್ಠ ನಾಲ್ಕು ವಾರ ಮುಂಚಿಂದ, ಆಮೇಲೂ ಗಾಯ ಮಾಯೋವರೆಗೂ ನೀವಿರೋ ಮನೆಯೊಳಗೆ ಹೊಗೆ ಬೇಡ, ಇದನ್ನ ನಾನು ಹೇಳ್ದೆ ಅಂತಾನೇ ಅವರಿಗೆ ಹೇಳಿ. ಹೆಸರು ತಪ್ಪದೇ ಕರೀತಾರೆ, ನಿಮ್ಮನ್ನ ಗಂಡಸು ಅಂತ ಮೊದಲ ದಿನದಿಂದ ಒಪ್ಕೊಂಡಿದಾರೆ, ಸಂತೋಷ, ಅದು ದೊಡ್ಡದೇ. ಆದ್ರೆ "ನಾನಿದೀನಲ್ಲ, ನೋಡ್ಕೋತೀನಿ ಬಿಡು" ಅನ್ನೋ ಮಾತನ್ನ ನಾನು ಈ ಅಂಕಣದಲ್ಲಿ ಎಷ್ಟು ಸಲ ಬೈದಿದೀನಿ ಅಂತ ಓದುವವರಿಗೆ ಗೊತ್ತು. ಎಷ್ಟು ಗಂಟೆಗೆ, ಯಾವ ದಿನ, ಏನು ಮಾಡ್ತೀಯಾ ಅಂತ ಕೇಳಿದಾಗ ಉತ್ತರ ಬರದಿದ್ರೆ ಅಲ್ಲಿ ನೋಡ್ಕೊಳ್ಳೋರು ಯಾರೂ ಇಲ್ಲ ಅಂತಾನೇ ಲೆಕ್ಕ.

ಇನ್ನು ಅಕ್ಕ. ಹಳೇ ಹೆಸರು ಕಿವಿಗೆ ಬಿದ್ದಾಗ ಹೊಟ್ಟೆಯೊಳಗೆ ಏನಾಗುತ್ತೆ ಅಂತ ನೀವು ಬರೆದಿದ್ದನ್ನ ನಾನು ಹಗುರ ಮಾಡಲ್ಲ, ಮೈಯೆಲ್ಲ ಹೊಲಿಗೆ ಇರುವಾಗ ಅದು ಇನ್ನೂ ಜಾಸ್ತಿ ಚುಚ್ಚುತ್ತೆ. ಆದ್ರೆ ನೀವೇ ಬರೆದಿದೀರಿ, ತಪ್ಪಿ ಕರೆದು ತಕ್ಷಣ ನಾಲಿಗೆ ಕಚ್ಕೋತಾಳೆ ಅಂತ. ಬೇಕಂತ ಕರೆಯೋರು ನಾಲಿಗೆ ಕಚ್ಕೊಳ್ಳಲ್ಲ. ಮೊದಲೇ ಹೇಳಿ ಅವಳಿಗೆ, ಈ ಹತ್ತು ದಿನ ನನ್ನ ಹೆಸರು ಇದು, ತಪ್ಪಿದ್ರೆ ಉದ್ದಕ್ಕೆ ಸಾರಿ ಕೇಳ್ಬೇಡ, ಸರಿ ಮಾಡ್ಕೊಂಡು ಮುಂದೆ ಹೋಗು ಅಂತ. ಇನ್ನೊಂದು ಕೆಲಸ ಕೂಡ ಕೊಡಿ: ಆಸ್ಪತ್ರೆ ಕಾಗದದಲ್ಲಿ ನಿಮ್ಮ ಹಳೇ ಹೆಸರೇ ಇದೆ ಅಂದ್ರಲ್ಲ, ಪ್ರತಿ ಶಿಫ್ಟಿಗೆ ಹೊಸ ನರ್ಸ್ ಬಂದಾಗ "ಇವನ ಹೆಸರು ಇದು, ಹೀಗೇ ಕರೀರಿ" ಅಂತ ಹೇಳೋ ಜವಾಬ್ದಾರಿ ಅಕ್ಕನದು. ದಿನಕ್ಕೆ ಮೂರು ಸಲ ಬೇರೆಯವರನ್ನ ತಿದ್ದೋರ ನಾಲಿಗೆ ಎಷ್ಟು ಬೇಗ ತಿರುಗುತ್ತೆ ನೋಡಿ, ನಾನು ಕಣ್ಣಾರೆ ಕಂಡಿದೀನಿ. ಮನೇಲಿ ಯಾರಿಗಾದ್ರೂ ಸ್ತನ ಕ್ಯಾನ್ಸರ್ ಆಗಿತ್ತಾ ಅಂತ ಸರ್ಜನ್ ಕೇಳಿದ್ದಕ್ಕೆ ನೀವು ಗೊತ್ತಿಲ್ಲ ಅಂದ್ರಿ, ಅದಕ್ಕೂ ಉತ್ತರ ಇರೋದು ಅವಳ ಹತ್ರಾನೇ. ಈ ಸರ್ಜರೀಲಿ ಎದೆಗೆ ಆಕಾರ ಬರೋಕೆ ಸ್ವಲ್ಪ ಅಂಗಾಂಶ ಉಳಿಸ್ತಾರೆ, ಹಾಗಾಗಿ ಆ ಅಪಾಯ ತುಂಬಾ ಕಡಿಮೆಯಾದ್ರೂ ಪೂರ್ತಿ ಹೋಗಲ್ಲ, ಕುಟುಂಬದ ವಿಷಯ ಗೊತ್ತಿರೋದು ಮುಖ್ಯ.

ಉಳಿದ ಎರಡು ಪ್ರಶ್ನೆ ಚಿಕ್ಕವು. ಹಾರ್ಮೋನ್ ತಗೊಂಡಿಲ್ಲ ಅಂದ್ರೆ ನೀನು ಪೂರ್ತಿ ಗಂಡಸಲ್ಲ ಅಂದವರ ಮಾತು ಬಿಟ್ಟಾಕಿ, ಟ್ರಾನ್ಸ್ ಜನರ ಆರೋಗ್ಯದ ಬಗ್ಗೆ ಜಗತ್ತಿನ ತುಂಬ ವೈದ್ಯರು ನೋಡೋ, ಡಬ್ಲ್ಯುಪ್ಯಾತ್ ಅನ್ನೋ ಅಂತರರಾಷ್ಟ್ರೀಯ ವೃತ್ತಿಪರರ ಸಂಘದ ಮಾರ್ಗಸೂಚಿಯ 2022ರ 8ನೇ ಆವೃತ್ತಿಯಲ್ಲೂ ಎದೆ ಸರ್ಜರಿಗೆ ಟೆಸ್ಟೋಸ್ಟೆರಾನ್ ಕಡ್ಡಾಯ ಅಂತಿಲ್ಲ. ಕೆಲಸದ ವಿಷಯ: ಕೂತು ಮಾಡೋ ಕೆಲಸದವರು ಎರಡು ಮೂರು ವಾರಕ್ಕೆ ವಾಪಸ್ ಹೋಗ್ತಾರೆ, ನೀವು ಬಾಕ್ಸ್ ಎತ್ತೋರು, ಆರು ವಾರಕ್ಕೆ ರಜೆ ಬರೀರಿ, ಸರ್ಜನ್ ಹೂಂ ಅನ್ನದೇ ಎತ್ತಬೇಡಿ, ಬೇಗ ಎಳೆದಾಡಿದ್ರೆ ಗಾಯದ ಗೆರೆ ಅಗಲ ಆಗುತ್ತೆ. ಆ ಗೆರೆ ತಿಳಿಯಾಗೋಕೆ ಹೇಗಿದ್ರೂ ಒಂದರಿಂದ ಒಂದೂವರೆ ವರ್ಷ ಬೇಕು.

ಲಿಸ್ಟಿಗೆ ಇನ್ನೇನೂ ಸೇರಿಸ್ಬೇಡಿ. ಇವತ್ತು ರಾತ್ರಿ ಮಲಗೋಕೆ ಮುಂಚೆ ಒಂದೇ ಒಂದು ಕೆಲಸ ಮಾಡಿ, ಅಕ್ಕನಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ. ಅವಳು ಮೊನ್ನೆ ಕೇಳಿದ ಪ್ರಶ್ನೆ ಹಾಗೇ ಉಳಿದಿದೆ, ಅಲ್ಲಿಂದಲೇ ಶುರು ಮಾಡಿ, ಡೇಟ್ ಹೇಳಿ, ಪೈಪ್ ಖಾಲಿ ಮಾಡೋಕೆ ಯಾರೂ ಇಲ್ಲ ಅಕ್ಕ, ಹತ್ತು ದಿನ ಬಾ ಅನ್ನಿ.