ಹಿರೋಷಿಮಾದ ಹೆಸರು ಆಮೇಲೆ ಬಂತು

ಆತ್ಮೀಯರೇ,

ಹೊಸ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಆಸ್ವಾದಿಸುವುದು ಹೇಗೆ ಎಂದು ಮಂಗಳೂರಿನಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಆದರೆ ವಿಷಯ ಕೈಬಿಡಬೇಡಿ, ಈ ಲೇಖನ ನಮಗೆ ಬೇಕು.

ಮೊದಲ ಎರಡು ಪುಟ ತೆಗೆದುಹಾಕಿ. ಕೇಜ್, ಸ್ಟಾಕ್‌ಹೌಸೆನ್, ಲಿಗೆಟಿ ಎಂದು ಸಂಯೋಜಕರ ಹೆಸರುಗಳು ಬಂದು ಹೋಗುತ್ತವೆ, ಯಾರ ಸಂಗೀತವೂ ಕಿವಿಗೆ ಬೀಳುವುದಿಲ್ಲ. ಬರಹಕ್ಕೆ ಜೀವ ಬರುವುದು ಮೂರನೇ ಪುಟದಲ್ಲಿ, ಪೋಲೆಂಡಿನ ಸಂಯೋಜಕ ಪೆಂಡೆರೆಟ್ಸ್ಕಿ ಹಿರೋಷಿಮಾದಲ್ಲಿ ಮಡಿದವರಿಗೆ ಅರ್ಪಿಸಿದ ಶೋಕಗೀತೆಯ ಮಾತು ಬಂದಾಗ. ಎಡವಿದ್ದೂ ಅಲ್ಲೇ. ಬಾಂಬ್ ಬಿದ್ದ ದೃಶ್ಯವನ್ನು ಅವರು ಸ್ವರಗಳಲ್ಲಿ ಚಿತ್ರಿಸಿದರು, ಆರಂಭದ ಚೀರು ವಿಮಾನದ್ದು ಎಂದು ಬರೆದಿದ್ದೀರಿ. ಹಾಗಲ್ಲ. 1960ರ ಹೊತ್ತಿಗೆ ಅದನ್ನು ರಚಿಸಿದಾಗ ಇಟ್ಟ ಹೆಸರು ಬರೇ ಅದರ ಅವಧಿ: 8 ನಿಮಿಷ 37 ಸೆಕೆಂಡು. 52 ತಂತಿವಾದ್ಯಗಳಿಂದ ಎಂಥೆಂಥ ನಾದ ಹೊರಡಿಸಬಹುದು ಎಂಬ ಹುಡುಕಾಟ ಅದು. ವಾದ್ಯಗಳು ನುಡಿದದ್ದನ್ನು ಕೇಳಿದ ಮೇಲೆ ಅದರ ತೀವ್ರತೆ ಅವರನ್ನೇ ಅಲುಗಾಡಿಸಿತು. ಹಿರೋಷಿಮಾದ ಹೆಸರು ಬಂದದ್ದು ಆಮೇಲೆ.

ಇದನ್ನು ತಿದ್ದಿದರೆ ಸಾಲದು, ಲೇಖನವನ್ನೇ ಇದರ ಮೇಲೆ ಕಟ್ಟಿ. ಓದುಗರಿಗೆ ಮೊದಲು ನಾದವನ್ನು ಹೇಳಿ. ಶುರುವಿಗೆ ಒಬ್ಬೊಬ್ಬರೂ ತಮ್ಮ ವಾದ್ಯದಲ್ಲಿ ಸಾಧ್ಯವಾದ ಅತಿ ಎತ್ತರದ ಸ್ವರ ನುಡಿಸಬೇಕು, ಯಾವ ಸ್ವರವೆಂದು ಬರೆದಿಲ್ಲ. ಮುಂದೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಆಚೆ ಬದಿಯಲ್ಲಿ ಕಮಾನು ಎಳೆಯುತ್ತಾರೆ, ವಾದ್ಯದ ಒಡಲಿಗೆ ತಟ್ಟುತ್ತಾರೆ. ಒತ್ತೊತ್ತಾಗಿರುವ ಸ್ವರಗಳು ಒಟ್ಟಿಗೇ ಮೊಳಗಿ, ಹಿಗ್ಗಿ, ಕುಗ್ಗುತ್ತವೆ. ಹೆಚ್ಚಿನ ಕಡೆ ಎಣಿಸಲು ತಾಳವಿಲ್ಲ, ಸ್ವರಲಿಪಿ ಕಾಲವನ್ನು ಸೆಕೆಂಡುಗಳಲ್ಲೇ ಸೂಚಿಸುತ್ತದೆ. ಇಷ್ಟು ಕೇಳಿಸಿದ ಮೇಲೆ ಹೆಸರಿನ ಕತೆ ಹೇಳಿ. ಹೆಸರಿಲ್ಲದೆ ಒಮ್ಮೆ, ಹೆಸರು ತಿಳಿದು ಇನ್ನೊಮ್ಮೆ ಕೇಳಿದಾಗ ಏನು ಬದಲಾಯಿತು ಎಂಬುದನ್ನು ಓದುಗರೇ ಕಂಡುಕೊಳ್ಳಲಿ.

ಚೆಂಡೆ, ಕಚೇರಿ ಕೇಳಿ ಬೆಳೆದ ನಮ್ಮವರಿಗೆ ಇದು ದಕ್ಕದು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದೇ ಇಲ್ಲ. ಇಡೀ ರಾತ್ರಿ ಬಯಲಾಟದ ಎದುರು ಕೂತು ಚೆಂಡೆಯ ಅಬ್ಬರ ಸವಿಯುವವರ ಕಿವಿ ಅಷ್ಟು ಸುಲಭಕ್ಕೆ ಹೆದರದು. ಇಲ್ಲಿ ಉಡುಪಿಯ ರಾಜಾಂಗಣದಲ್ಲಿ ಲಯವಾದ್ಯಗಳ ತನಿ ಆವರ್ತನಕ್ಕೆ ತಾಳ ಹಾಕುತ್ತ ಕೂರುವವರಿಗೆ ಫ್ರಾನ್ಸಿನ ಸಂಯೋಜಕ ಮೆಸಿಯಾನ್ ಹೊರಗಿನವರೇನಲ್ಲ. ಶಾರ್ಙ್ಗದೇವನ ಹಳೆಯ ಸಂಗೀತಶಾಸ್ತ್ರ ಗ್ರಂಥ ‘ಸಂಗೀತರತ್ನಾಕರ’ದ 120 ದೇಶೀತಾಳಗಳನ್ನು ಅಭ್ಯಾಸ ಮಾಡಿ, ಆ ಲಯಗಳನ್ನು ತಮ್ಮ ರಚನೆಗಳಿಗೆ ತಂದವರು ಅವರು. ನೀವು ಅವರಿಗೆ ಕೊಟ್ಟದ್ದು ಅರ್ಧ ವಾಕ್ಯ. ಒಂದಿಡೀ ಪ್ಯಾರಾ ಕೊಡಿ.

ಸಾವಿರ ಪದ ಮೀರದಿರಲಿ. ತಿದ್ದಿ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ