ರಿಕಾರ್ಡೊ ಲೋಪೆಜ್ ಒಂದೂ ಪಂದ್ಯ ಸೋತಿಲ್ಲ ಅಂದರೆ ಎದುರಾಳಿಗಳು ಬಡಪಾಯಿಗಳಾ?

52 ಪಂದ್ಯ, 51 ಗೆಲುವು, ಅದರಲ್ಲಿ 38 ನಾಕೌಟ್, ಒಂದು ಡ್ರಾ, ಸೋಲು ಸೊನ್ನೆ. ಮೆಕ್ಸಿಕೊದ ಈ ಬಾಕ್ಸರನ ಅಂಕಿ ನೋಡಿ, ದುರ್ಬಲರನ್ನೇ ಆರಿಸಿ ಆಡಿಸಿರಬೇಕು ಅಂತ ನಿಮಗೆ ಅನುಮಾನ. ಜೊತೆಗೆ ಯಾವ ಪಂದ್ಯದಿಂದ ನೋಡಲು ಶುರು ಮಾಡಲಿ ಅಂತಲೂ ಕೇಳಿದ್ದೀರಿ. ಅನುಮಾನ ತಪ್ಪಲ್ಲ. ಪ್ರೊ ಬಾಕ್ಸಿಂಗಿನಲ್ಲಿ ಸೋಲಿಲ್ಲದ ದಾಖಲೆ ಕಟ್ಟಿಕೊಡುವುದು ಪಳಗಿದ ಮ್ಯಾನೇಜರಿಗೆ ಕಷ್ಟದ ಕೆಲಸವೇನಲ್ಲ. ಲೋಪೆಜ್ ವಿಷಯದಲ್ಲಿ ನನ್ನ ಸಲಹೆ ಇಷ್ಟೇ: 51 ಗೆಲುವನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಆ ಒಂದು ಡ್ರಾ ನೋಡಿ.

ಅದಕ್ಕೂ ಮೊದಲು ತೂಕದ ಲೆಕ್ಕ. ಅವನು ಬಹುಕಾಲ ಆಡಿದ್ದು ಮಿನಿಮಮ್‌ವೇಟ್‌ನಲ್ಲಿ, ಸ್ಟ್ರಾವೇಟ್ ಅಂತಲೂ ಕರೆಯುತ್ತಾರೆ. ಮಿತಿ 105 ಪೌಂಡ್, ಅಂದರೆ 47.6 ಕೆ.ಜಿ. ಮೇರಿ ಕೋಮ್ 2018ರಲ್ಲಿ ವಿಶ್ವ ಚಾಂಪಿಯನ್ ಆದದ್ದು 48 ಕೆ.ಜಿ.ಯಲ್ಲಿ. ಇದು ಅದಕ್ಕಿಂತಲೂ ಕಡಿಮೆ, ಅದೂ ಲೋಪೆಜ್ ಸುಮಾರು ಐದಡಿ ಐದಿಂಚು ಎತ್ತರದ ಗಂಡಸು. ಇಲ್ಲಿ ಎರಡು ಕೆ.ಜಿ. ಬೆವರು ಹರಿಸಿ ಇಳಿಸುವುದೆಂದರೆ ಮೈಯ ಶೇ 4ರಷ್ಟು ಹೋದಂತೆ. ತೂಕ ಹಾಕುವುದು ಪಂದ್ಯದ ಹಿಂದಿನ ದಿನ. ಆ ಒಂದು ದಿನದಲ್ಲಿ ನೀರು ಪೂರ್ತಿ ವಾಪಸ್ ಬರದಿದ್ದರೆ ಎಂಟು-ಒಂಬತ್ತನೇ ರೌಂಡಿನ ಹೊತ್ತಿಗೆ ಕಾಲು ಮಾತು ಕೇಳುವುದಿಲ್ಲ. ಇದೇ ತೂಕದಲ್ಲಿ ಲೋಪೆಜ್ ಎಂಟು ವರ್ಷ ವಿಶ್ವ ಚಾಂಪಿಯನ್ ಆಗಿ ಉಳಿದ. ನನಗೆ ನಾಕೌಟುಗಳಿಗಿಂತ ಈ ಶಿಸ್ತೇ ದೊಡ್ಡದು ಅನಿಸುತ್ತದೆ.

1985ರಲ್ಲಿ ಪ್ರೊ ಆದ. ಮೆಕ್ಸಿಕೊದ ಇನ್ನೊಬ್ಬ ಚಾಂಪಿಯನ್ ಹುಯಾನ್ ಮಾನ್ವೆಲ್ ಮಾರ್ಕೆಜ್‌ನನ್ನೂ ತಯಾರು ಮಾಡಿದ ನಾಚೊ ಬೆರಿಸ್ತಾಯಿನ್ ಇವನ ಕೋಚ್. 1990ರ ಅಕ್ಟೋಬರ್ 25ರಂದು ಟೋಕಿಯೊಗೇ ಹೋಗಿ, ಹಿದೆಯುಕಿ ಒಹಾಶಿಯನ್ನು ಐದನೇ ರೌಂಡಿನಲ್ಲಿ ನಿಲ್ಲಿಸಿ ಡಬ್ಲ್ಯುಬಿಸಿ ಬೆಲ್ಟ್ ಕಿತ್ತುಕೊಂಡ. ಡಬ್ಲ್ಯುಬಿಸಿ, ಡಬ್ಲ್ಯುಬಿಎ, ಐಬಿಎಫ್, ಡಬ್ಲ್ಯುಬಿಒ ಅಂದರೆ ಬೇರೆ ಬೇರೆಯಾಗಿ ವಿಶ್ವ ಚಾಂಪಿಯನ್ ಬೆಲ್ಟ್ ಕೊಡುವ ಸಂಸ್ಥೆಗಳು. (ಜಪಾನಿನ ಹೆಸರಾಂತ ಚಾಂಪಿಯನ್ ನಾವೋಯಾ ಇನೌಯೆ ಆಡುವುದು ಇದೇ ಒಹಾಶಿಯ ಜಿಮ್‌ನಿಂದ.) ಆಮೇಲೆ ಆ ಬೆಲ್ಟನ್ನು 21 ಸಲ ಉಳಿಸಿಕೊಂಡ. ಎದುರಾಳಿಗಳೆಲ್ಲ ಹುಲಿಗಳೇನಲ್ಲ, ಒಂದೆರಡು ರೌಂಡಿಗೆ ಮುಗಿದವರೂ ಇದ್ದಾರೆ. ಆದರೆ ಹೆಸರು ಕೇಳಿಲ್ಲ ಅಂದಮಾತ್ರಕ್ಕೆ ದುರ್ಬಲ ಅಂದುಕೊಳ್ಳಬೇಡಿ. 1993ರಲ್ಲಿ ಎರಡೇ ರೌಂಡಿಗೆ ಮುಗಿಸಿದ ಥಾಯ್ಲೆಂಡಿನ ಸಮನ್ ಸೊರ್ಜಾತುರಾಂಗ್, ಎರಡು ವರ್ಷ ಬಿಟ್ಟು 108 ಪೌಂಡಿನಲ್ಲಿ ಮೆಕ್ಸಿಕೊದ ಹುಂಬೆರ್ತೊ ಗೊನ್ಸಾಲೆಜ್‌ನನ್ನೇ ನಾಕೌಟ್ ಮಾಡಿ ಚಾಂಪಿಯನ್ ಆದ.

ಆಟದಲ್ಲಿ ಗಮನಿಸಬೇಕಾದದ್ದು ಎಡಗೈ ಅಪ್ಪರ್‌ಕಟ್, ಅಂದರೆ ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತ. ಮೊದಲು ಎಡಗೈಯ ಚುಟುಕು ನೇರ ಹೊಡೆತ, ಅಂದರೆ ಜ್ಯಾಬ್, ಹಿಂದೆಯೇ ಬಲಗೈಯ ನೇರ ಹೊಡೆತ. ಬಲಗೈ ಹೋದಾಗ ಮೈಭಾರ ತಾನಾಗಿ ಮುಂದಿನ ಎಡಗಾಲ ಮೇಲೆ ಬರುತ್ತದೆ. ಎದುರಾಳಿ ಸಾಮಾನ್ಯವಾಗಿ ಇವನಿಗಿಂತ ಕುಳ್ಳ, ಹೊಡೆತ ತಪ್ಪಿಸಲು ತಲೆ ತಗ್ಗಿಸುತ್ತಾನೆ. ತಗ್ಗಿದ ತಲೆ ಬರುವ ಜಾಗಕ್ಕೆ ಸರಿಯಾಗಿ, ಅವನ ಎರಡು ಕೈಗಳ ನಡುವಿನ ಸಂದಿಯಲ್ಲಿ, ಎಡಗೈ ಕೆಳಗಿನಿಂದ ಏಳುತ್ತದೆ. ಇದನ್ನು ಜಿಮ್‌ನಲ್ಲಿ ಅನುಕರಿಸುವವರು ಮಾಡುವ ತಪ್ಪು ಒಂದೇ: ಜೋರು ಬರಲಿ ಅಂತ ಕೈಯನ್ನು ಮೊದಲು ಸೊಂಟದವರೆಗೆ ಇಳಿಸುತ್ತಾರೆ. ಆ ಅರೆಕ್ಷಣದಲ್ಲಿ ದವಡೆಯ ಎಡಭಾಗ ಬಯಲು, ಎದುರಾಳಿಯ ಬಲಗೈಗೆ ಆಹ್ವಾನ ಕೊಟ್ಟ ಹಾಗೆ. ಲೋಪೆಜ್ ಕೈ ಇಳಿಸುವುದು ಸ್ವಲ್ಪವೇ, ಮೊಣಕಾಲು ಬಗ್ಗಿಸಿ ಜೋರು ಅಲ್ಲಿಂದ ತೆಗೆಯುತ್ತಾನೆ. ವೇಗ ಕಡಿಮೆ ಮಾಡಿ ಅವನ ಕಾಲು ಮಾತ್ರ ನೋಡಿ, ಗೊತ್ತಾಗುತ್ತದೆ. ಇದಕ್ಕೆ 1997ರ ಆಗಸ್ಟ್ 23ರ ಪಂದ್ಯ ಒಳ್ಳೆಯದು: ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪೋರ್ಟೊ ರಿಕೊದ ಅಲೆಕ್ಸ್ ಸಾಂಚೆಸ್‌ನನ್ನು ಐದನೇ ರೌಂಡಿಗೆ ಮುಗಿಸಿ ಡಬ್ಲ್ಯುಬಿಒ ಬೆಲ್ಟನ್ನೂ ಗೆದ್ದದ್ದು.

ಈಗ ಆ ಡ್ರಾ. 1998ರ ಮಾರ್ಚ್ 7, ಮೆಕ್ಸಿಕೊ ಸಿಟಿ. ಎದುರಿಗೆ ಡಬ್ಲ್ಯುಬಿಎ ಚಾಂಪಿಯನ್, ನಿಕರಾಗುವದ ರೊಸೆಂದೊ ಅಲ್ವಾರೆಜ್; ಅವನೂ ಅಲ್ಲಿಯವರೆಗೆ ಸೋತವನಲ್ಲ. ಎರಡನೇ ರೌಂಡಿನಲ್ಲಿ ಲೋಪೆಜ್ ಕೆಳಗೆ ಬಿದ್ದ, ವೃತ್ತಿಜೀವನದಲ್ಲೇ ಮೊದಲ ಸಲ. ಬಿದ್ದ ರೌಂಡು ಸಾಮಾನ್ಯವಾಗಿ 10-8, ಅಂದರೆ ಶುರುವಿನಲ್ಲೇ ಎರಡು ಅಂಕದ ಸಾಲ. ಏಳನೇ ರೌಂಡಿನಲ್ಲಿ ತಲೆಗೆ ತಲೆ ಬಡಿದು ಆದ ಗಾಯದಿಂದ ಪಂದ್ಯ ನಿಂತಿತು. ಹೀಗೆ ಆಕಸ್ಮಿಕವಾಗಿ ಗಾಯವಾಗಿ, ನಿಯಮ ಹೇಳುವ ಕನಿಷ್ಠ ರೌಂಡುಗಳು ಮುಗಿದಿದ್ದರೆ, ಆ ಹೊತ್ತಿನ ಅಂಕಪಟ್ಟಿಯೇ ತೀರ್ಮಾನ. ತೀರ್ಪುಗಾರರು ಒಂದು ಕಡೆ ವಾಲದೆ ಅದು ಟೆಕ್ನಿಕಲ್ ಡ್ರಾ ಆಯಿತು.

ಅಲ್ಲಿಗೆ ಕೈತೊಳೆದುಕೊಂಡು ಸುಲಭದ ಎದುರಾಳಿಗಳ ಕಡೆ ಹೋಗಬಹುದಿತ್ತು. ಹೋಗಲಿಲ್ಲ. ಅದೇ ವರ್ಷ ನವೆಂಬರ್ 13ಕ್ಕೆ ಲಾಸ್ ವೇಗಸ್‌ನಲ್ಲಿ ಮರುಪಂದ್ಯ. ಅಲ್ವಾರೆಜ್ ತೂಕದ ಮಿತಿ ಮೀರಿ ಬಂದ. ಇಂಥ ಹೊತ್ತಿನಲ್ಲಿ ಪಂದ್ಯ ಬಿಡಲು ಯಾರಿಗೂ ನೆವ ಸಿಗುತ್ತದೆ, ಯಾಕೆಂದರೆ ಇಳಿಸದವನು ಮರುದಿನ ಇನ್ನೂ ದಪ್ಪ ಆಗಿ ರಿಂಗ್ ಹತ್ತುತ್ತಾನೆ. ಲೋಪೆಜ್ ಆಡಿದ, 12 ರೌಂಡೂ ಆಡಿದ. ಇಬ್ಬರು ತೀರ್ಪುಗಾರರು ಇವನಿಗೆ, ಒಬ್ಬರು ಅಲ್ವಾರೆಜ್‌ಗೆ ಕೊಟ್ಟರು. ದೂರ ನಿಂತು ಸೊಗಸಾಗಿ ಆಡುವವನನ್ನು ಮೈಮೇಲೆ ಬಿದ್ದು ಕೆಡಿಸಿದರೆ ಏನು ಮಾಡುತ್ತಾನೆ ಅನ್ನುವುದಕ್ಕೆ ಉತ್ತರ ಈ 12 ರೌಂಡಿನಲ್ಲಿದೆ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಗೆಲುವುಗಳಲ್ಲಿ ಅದು ಕಾಣುವುದಿಲ್ಲ.

ಟೀಕೆಗೂ ಜಾಗ ಇದೆ. 108 ಪೌಂಡಿಗೆ ಹತ್ತುವುದು ತಡ ಮಾಡಿದ, 1999ರ ಅಕ್ಟೋಬರಿನಲ್ಲಷ್ಟೇ ವಿಲ್ ಗ್ರಿಗ್ಸ್‌ಬಿಯನ್ನು ಸೋಲಿಸಿ ಐಬಿಎಫ್ ಲೈಟ್ ಫ್ಲೈವೇಟ್ ಬೆಲ್ಟ್ ಗೆದ್ದ. ಬರೀ ಮೂರು ಪೌಂಡ್ ಮೇಲೆ ಮೈಕೆಲ್ ಕಾರ್ಬಜಾಲ್ ಮತ್ತು ಗೊನ್ಸಾಲೆಜ್ 1993-94ರಲ್ಲಿ ಮೂರು ಸಲ ಹೊಡೆದಾಡಿ ಹೆಸರು, ಹಣ ಎರಡೂ ಮಾಡಿದರು. ಲೋಪೆಜ್ ಅವರಿಬ್ಬರ ಜೊತೆಗೂ ಆಡಲಿಲ್ಲ. 105ರಲ್ಲೇ ಐಬಿಎಫ್ ಬೆಲ್ಟ್ ಇಟ್ಟುಕೊಂಡಿದ್ದ ಥಾಯ್ಲೆಂಡಿನ ರತನಪೋಲ್ ಸೊರ್ ವೊರಾಪಿನ್ ಜೊತೆ ಪಂದ್ಯ ಆದದ್ದು 2000ದ ಡಿಸೆಂಬರಿನಲ್ಲಿ, ಆತನ ಒಳ್ಳೆಯ ದಿನಗಳು ಕಳೆದ ಮೇಲೆ. ಮೂರು ರೌಂಡಿಗೆ ಮುಗಿಯಿತು. 1995ರಲ್ಲಿ ಆಗಿದ್ದರೆ ಅದರ ತೂಕವೇ ಬೇರೆ.

ನೋಡುವ ಕ್ರಮ: ಮೊದಲು ಸಾಂಚೆಸ್, ಮುಗಿಯಲು ಹೆಚ್ಚು ಹೊತ್ತು ಬೇಡ. ಆಮೇಲೆ ಅಲ್ವಾರೆಜ್‌ನ ಎರಡೂ, ದಿನಾಂಕದ ಪ್ರಕಾರ. ಎರಡನೆಯದಕ್ಕೆ ಕಾಗದ, ಪೆನ್ನು ಇಟ್ಟುಕೊಂಡು ಪ್ರತಿ ರೌಂಡಿನ ಅಂಕ ನೀವೇ ಬರೆಯಿರಿ. ಆ ಮೂರನೇ ತೀರ್ಪುಗಾರರಿಗೆ ಏನು ಕಂಡಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ಕೊನೆಗೆ 2001ರ ಸೆಪ್ಟೆಂಬರ್ 29, ದಕ್ಷಿಣ ಆಫ್ರಿಕಾದ ಜೊಲಾನಿ ಪೆಟೆಲೊ ವಿರುದ್ಧದ್ದು. ಎಂಟನೇ ರೌಂಡಿನಲ್ಲಿ ನಾಕೌಟ್. ಅದೇ ಅವನ ಕೊನೆಯ ಪಂದ್ಯ, ಆಗ ವಯಸ್ಸು 35.