ಹೋದ ಪುಟ್ಟ, ಬಂದ ಪುಟ್ಟ

ಓದುಗರೊಬ್ಬರ ಪತ್ರ: "ಮುಂದಿನ ತಿಂಗಳು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಕಂಪನಿ ಮೀಟಿಂಗ್ ಇದೆ. ಶುಕ್ರವಾರ ಸಂಜೆ ಮುಗಿಯುತ್ತದೆ. ನಾನೂ ಬರ್ತೀನಿ, ಎರಡು ದಿನ ಉಳಿದು ಊರು ನೋಡೋಣ ಅಂತಾಳೆ ಹೆಂಡತಿ. ಬಾಸ್ ಬೇಡ ಅಂದಿಲ್ಲ. ಆದರೆ ಆಫೀಸ್ ದುಡ್ಡಲ್ಲಿ ಮಜಾ ಮಾಡಿದ ಅನ್ನಿಸಿಕೊಳ್ಳೋದು ಯಾಕೆ ಅಂತ ಶುಕ್ರವಾರ ರಾತ್ರಿಯ ಟಿಕೆಟ್ಟೇ ಕೇಳಿದ್ದೇನೆ. ಸರಿ ತಾನೇ?"

ಸರಿಯಲ್ಲ ಸ್ವಾಮಿ.

ನಿಮ್ಮ ಅಳುಕು ಒಳ್ಳೆಯದೇ, ಇರಲಿ. ಹೆಚ್ಚಿನ ರಾತ್ರಿಗಳ ರೂಮು, ಊಟ, ಟಿಕೆಟ್‌ನ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗಲಿ. ಕಂಪನಿಯ ವಿಮೆ ಆ ಎರಡು ದಿನಕ್ಕೂ ಇದೆಯಾ ಅಂತ ಬರೆದು ಕೇಳಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾ ಕೊಡೋದು ದಿನ ಲೆಕ್ಕ ಹಾಕಿ, ಹಾಗಾಗಿ ಅರ್ಜಿಯಲ್ಲೇ ಸರಿಯಾದ ತಾರೀಕು ಹಾಕಿ. ಇಷ್ಟಾದ ಮೇಲೆ ನೀವು ಯಾರಿಗೂ ಏನೂ ಬಾಕಿ ಇಲ್ಲ.

ನೀವು ಹೋಗುತ್ತಿರುವ ಊರಿಗೇ 1520ರಲ್ಲಿ ಒಬ್ಬ ಕೆಲಸದ ಮೇಲೆ ಹೋಗಿದ್ದ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್. ಅವನಿಗೆ ಪಿಂಚಣಿ ಕೊಡುತ್ತಿದ್ದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಹಿಂದಿನ ವರ್ಷ ತೀರಿಕೊಂಡಿದ್ದ. ಹೊಸಬ ಐದನೇ ಚಾರ್ಲ್ಸ್‌ನಿಂದ ಅದನ್ನು ಮತ್ತೆ ಮಂಜೂರು ಮಾಡಿಸಿಕೊಳ್ಳಬೇಕಿತ್ತು. ನವೆಂಬರ್‌ನಲ್ಲಿ ಕಾಗದ ಕೈಗೆ ಬಂತು. ಮನೆಗೆ ಹೊರಟನಾ? ಎಲ್ಲಿಂದ! ವಾಪಸ್ ಆಂಟ್‌ವರ್ಪ್‌ಗೇ ಹೋಗಿ ಮುಂದಿನ ಬೇಸಿಗೆವರೆಗೂ ಅಲ್ಲೇ ಬಿಡಾರ ಹೂಡಿದ. ದಡಕ್ಕೆ ತಿಮಿಂಗಿಲ ಬಂದು ಬಿದ್ದಿದೆ ಅಂತ ಸುದ್ದಿ ಸಿಕ್ಕಿದ್ದೇ ತಡ, ಡಿಸೆಂಬರ್ ಚಳಿಯಲ್ಲಿ ಝೀಲಂಡ್‌ಗೆ (ಈಗಿನ ನೆದರ್ಲೆಂಡ್ಸ್‌ನ ಕರಾವಳಿ) ಓಡಿದ. ಅಷ್ಟರಲ್ಲಿ ಅಲೆ ಅದನ್ನು ಎಳೆದುಕೊಂಡು ಹೋಗಿತ್ತು. ಅದಕ್ಕೂ ಮುಂಚೆ ಬ್ರಸೆಲ್ಸ್‌ನಲ್ಲಿ ಮೆಕ್ಸಿಕೋದಿಂದ ಬಂದ ಚಿನ್ನದ ಸೂರ್ಯ, ಬೆಳ್ಳಿಯ ಚಂದ್ರ ನೋಡಿ ಮೂಕನಾಗಿದ್ದ. ಇಷ್ಟಾದರೂ ಲೆಕ್ಕ ಬಿಟ್ಟವನಲ್ಲ. ಕೊಟ್ಟ ಟಿಪ್ಸು, ಜೂಜಿನಲ್ಲಿ ಕಳೆದದ್ದು, ಕೊಂಡ ಕೋತಿಮರಿ ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟ. ಹೆಂಡತಿ ಆಗ್ನೆಸ್‌ಳನ್ನೂ ಕರೆದುಕೊಂಡು ಹೋಗಿದ್ದ. ಆದರೆ ಆಕೆ ಕೆಲಸದವಳ ಜೊತೆ ಮಹಡಿಯ ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದರೆ ಇವನು ಕೆಳಗೆ ಮನೆ ಯಜಮಾನನ ಜೊತೆ ಕೂತು ಉಣ್ಣುತ್ತಿದ್ದ. ಅದೊಂದನ್ನು ಮಾತ್ರ ದಯವಿಟ್ಟು ಕಲಿಯಬೇಡಿ.

ಈಗಿನವರನ್ನು ನೋಡಿ. ನನ್ನ ಪರಿಚಯದವರೊಬ್ಬರು ವರ್ಷಕ್ಕೊಮ್ಮೆಯಾದರೂ ಪ್ಯಾರಿಸ್‌ಗೆ ಹೋಗುತ್ತಾರೆ, ಅಲ್ಲಿನ ಹೆಸರಾಂತ ಲೂವ್ರ್ ಮ್ಯೂಸಿಯಂ ನೋಡಿಲ್ಲ. ಯಾಕೆ ಅಂದರೆ, ಬಿಡುವು ಸಿಕ್ಕ ದಿನ ಮಂಗಳವಾರವಂತೆ. ಲೂವ್ರ್‌ಗೆ ಅವತ್ತೇ ರಜೆ! ಪ್ಯಾರಿಸ್ ಹೇಗಿದೆ ಅಂತ ಕೇಳಿದರೆ ಹೋಟೆಲಿನ ವೈಫೈ ಚೆನ್ನಾಗಿದೆ ಅನ್ನುತ್ತಾರೆ. ಇದಕ್ಕಿಂತ ವಿಡಿಯೋ ಕಾಲ್ ವಾಸಿ ಅಲ್ವಾ?

ಬಾಸ್‌ನ ಒಪ್ಪಿಗೆ ಇದ್ದೂ ನೀವು ಹೆದರುತ್ತಿರುವುದು ಪಕ್ಕದ ಟೇಬಲ್ಲಿನವರ ಬಾಯಿಗೆ. ದುಡಿಯುವವನು ಸ್ವಲ್ಪ ಸುಖಪಟ್ಟರೆ ಏನೋ ಕದ್ದ ಹಾಗೆ ನೋಡುತ್ತಾರಲ್ಲ, ಆ ಕಾಯಿಲೆಗೆ ಮದ್ದಿಲ್ಲ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು, ಬೆಳಿಗ್ಗೆ ನೇರ ಆಫೀಸಿಗೆ ಬಂದು, ಕಣ್ಣು ಕೆಂಪಗೆ ಮಾಡಿಕೊಂಡು ತೂಕಡಿಸುವವನಿಗೆ ಶಭಾಷ್. ಸ್ವಂತ ರಜೆ, ಸ್ವಂತ ದುಡ್ಡಲ್ಲಿ ಎರಡು ದಿನ ಉಳಿದವನು ಮೋಜುಗಾರ! ಆದರೆ ಹಿಂದೆ ವಿಮಾನ ಕಂಪನಿಗಳು ಶನಿವಾರ ರಾತ್ರಿ ಅಲ್ಲೇ ಉಳಿಯುವವರಿಗೆ ಮಾತ್ರ ಕಮ್ಮಿ ದರದ ಟಿಕೆಟ್ ಕೊಡುತ್ತಿದ್ದವು. ಕೆಲಸಕ್ಕೆ ಹೋದವರು ವಾರಾಂತ್ಯಕ್ಕೆ ಮನೆ ಸೇರಲೇಬೇಕು, ಅವರಿಂದ ಜಾಸ್ತಿ ಕೀಳಬಹುದು ಅನ್ನೋ ಲೆಕ್ಕ. ಆಗ ಎಷ್ಟೋ ಆಫೀಸುಗಳೇ ದುಡ್ಡು ಉಳಿಸಲು, ಭಾನುವಾರ ಬನ್ನಿ ಸಾಕು ಅನ್ನುತ್ತಿದ್ದವು. ಅವರಿಗೆ ಲಾಭ ಇದ್ದಾಗ ನಿಮ್ಮ ಶನಿವಾರ ಯಾರಿಗೂ ಮಜಾ ಅನ್ನಿಸಲಿಲ್ಲ, ನೋಡಿ.

ಆಂಟ್‌ವರ್ಪ್‌ನಲ್ಲಿ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂ ಬಿಡಬೇಡಿ. ಹಳೇ ಕಾಲದ ಮುದ್ರಣಾಲಯ ಅದು. ಈಗ ಉಳಿದಿರುವ ಜಗತ್ತಿನ ಅತಿ ಹಳೆಯ ಎರಡು ಮುದ್ರಣ ಯಂತ್ರಗಳು ಅಲ್ಲಿವೆ. ಪತ್ರಿಕೆಯವನ ಸ್ವಾರ್ಥ ಅಂದುಕೊಳ್ಳಿ, ಪರವಾಗಿಲ್ಲ. ಸೋಮವಾರ ಬಾಗಿಲು ಹಾಕಿರುತ್ತದೆ, ಶನಿವಾರವೇ ಹೋಗಿ. ಊರಿನ ದೊಡ್ಡ ಚರ್ಚು ಕೆಥೆಡ್ರಲ್‌ನಲ್ಲಿ ಚಿತ್ರಕಾರ ರೂಬೆನ್ಸ್‌ನ ದೊಡ್ಡ ಚಿತ್ರಗಳಿವೆ, ಅಲ್ಲಿ ಆತುರಪಡಬೇಡಿ. ಟಿಕೆಟ್ ಬದಲಾಯಿಸಲು ಇವತ್ತೇ ಹೇಳಿ. ನಿಮ್ಮ ಮನೆಯವರ ವೀಸಾ ಅರ್ಜಿ ನಾಳೆಯೇ ಹಾಕಿ, ತಿಂಗಳು ಅಂದರೆ ಈಗಲೇ ತಡ.